ಅರಸನ ಪಾಕಶಾಲೆಯಲ್ಲಿ ಬೇಟೆಯ ಮಾಂಸ

ಗೋಮಾಂಸಕ್ಕೆ ಬದಲಾಗಿ ಆಸ್ಟ್ರೇಲಿಯದ ಕಾಂಗರೂ ಮಾಂಸವನ್ನು ತಿನ್ನಬಹುದೆಂಬ ವಾದವನ್ನು ಸೋಲದೇವನಹಳ್ಳಿಯಲ್ಲಿರುವ ನಾವೂ ಕೇಳುತ್ತಿದ್ದೇವೆ. ಬೇಟೆಯ ಮಾಂಸವು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವನ್ನು ನೋಡಬೇಕು. ಹಂದಿಯ ರೋಮವನ್ನು ತೆಗೆದು ಸುಡುವ ಕ್ರಮ, ಜಿಂಕೆ, ಮೀನು, ಆಮೆ, ಕಡೆಗೆ ಹೊಲದ ಕರಿಯ ಇಲಿಯ ಪಾಕವೂ ಅಲ್ಲುಂಟು! ಶಾಕಾಹಾರಿಯಾದ ನನಗೂ ಆ ವಿವರಣೆಯ ಅಚ್ಚುಕಟ್ಟು ಮೆಚ್ಚಿಗೆಯಾಯಿತು. ಗೋಮಾಂಸದ ಪಾಕ ಮಾತ್ರ ಅಲ್ಲಿಲ್ಲ. ಆದರೆ ಅರಸನ ಪಂಕ್ತಿಗೆ ಒದಗಿದ ಬೇಟೆಯು ಊರಿಗೆಲ್ಲ ಒದಗೀತೆ? ಕಾಂಗರೂವನ್ನಾದರೂ ಅಲ್ಲಿಯ ಸರ್ಕಾರದವರು ಮಿತಿಯನ್ನು ಗೊತ್ತುಮಾಡಿಯೇ ಕೊಲ್ಲಗೊಡುತ್ತಾರೆ. ಇಲ್ಲಿಯೋ ಕಾಡು ಕುಗ್ಗಿತು; 1972ರ ವನ್ಯಜೀವಿ ಸಂರಕ್ಷಣಾ ಶಾಸನವೂ ಅದರ 1991ರ ತಿದ್ದುಪಡಿಯೂ ಮೃಗಯೆಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದುವು.