1937ರ ರೋವರ್ಸ್ ಕಪ್ ಮತ್ತು ಬೆಂಗಳೂರು ದಂಡಿನ ಫುಟ್‌ಬಾಲ್

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಇಂದು ಫುಟ್‌ಬಾಲ್ ಎಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್, ಆಫೀಸು ಮುಗಿಸಿ ಬಂದವರ ರಾತ್ರಿಯಾಟ. ಇಲ್ಲಿಂದ ಪಶ್ಚಿಮಕ್ಕೆ, ಎಚ್‌ಎಎಲ್ ದಾಟಿ ಹಲಸೂರಿನ ಕಡೆಗೆ ಹೋದರೆ ನಗರದ ಫುಟ್‌ಬಾಲಿನ ಹಳೆಯ ನೆಲ ಸಿಗುತ್ತದೆ. ಆ ನೆಲದ ತಂಡವೊಂದು 1937ರಲ್ಲಿ ಬಾಂಬೆಯಲ್ಲಿ ಮಾಡಿದ ಸಾಧನೆಗೆ ನಮ್ಮ ಇತಿಹಾಸ ಬರವಣಿಗೆಯಲ್ಲಿ ತಕ್ಕ ಜಾಗ ಸಿಕ್ಕಿಲ್ಲ ಎಂಬುದು ಈ ಲೇಖನದ ವಾದ.

ಹೋಲಿಕೆಗೆ ಕಲ್ಕತ್ತವನ್ನು ನೋಡಿ: ಅದರ ಫುಟ್‌ಬಾಲ್ ಚರಿತ್ರೆ ವಿದ್ಯಾಲಯದ ಅಂಗಳದಿಂದ ಶುರುವಾಗುತ್ತದೆ. ಹೇರ್ ಶಾಲೆಯ ಬಾಲಕ ನಗೇಂದ್ರಪ್ರಸಾದ ಸರ್ವಾಧಿಕಾರಿಯ ಹೆಸರು ಅಲ್ಲಿ ಮೊದಲು ಬರುತ್ತದೆ. ಪ್ರೆಸಿಡೆನ್ಸಿ ಕಾಲೇಜು ಅದರ ಹಿಂದೆಯೇ ಬರುತ್ತದೆ. ಬೆಂಗಳೂರಿನಲ್ಲೂ 1858ರಷ್ಟು ಹಿಂದೆಯೇ ಶುರುವಾಗಿ ಮುಂದೆ ಸೆಂಟ್ರಲ್ ಕಾಲೇಜಾದ ವಿದ್ಯಾಸಂಸ್ಥೆ ಇತ್ತು, 1882ರಿಂದ ಸೇಂಟ್ ಜೋಸೆಫ್ಸ್ ಇತ್ತು. ಆದರೂ ಇಲ್ಲಿ ಫುಟ್‌ಬಾಲಿಗೆ ಬೇರು ಕೊಟ್ಟದ್ದು ಕಾಲೇಜಿಗಿಂತ ಹೆಚ್ಚಾಗಿ ದಂಡು (ಕಂಟೋನ್ಮೆಂಟ್). 1809ರಲ್ಲಿ ನೆಲೆಗೊಂಡ ದಂಡು, 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ ಮೇಲೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ರೆಜಿಮೆಂಟುಗಳ ಆಟವನ್ನು ಸುತ್ತಲಿನ ಬೀದಿಗಳ ಹುಡುಗರು ನೋಡಿ ಕಲಿತರು. ಬೀದಿಗಳಿಂದ ಕ್ಲಬ್ಬುಗಳು ಹುಟ್ಟಿದವು. ಬೆಂಗಳೂರು ಮುಸ್ಲಿಮ್ಸ್ ಅಂಥ ಕ್ಲಬ್.

1891ರಲ್ಲಿ ಬಾಂಬೆಯಲ್ಲಿ ಆರಂಭವಾದ ರೋವರ್ಸ್ ಕಪ್ ದಶಕಗಳ ಕಾಲ ಸೇನಾ ತಂಡಗಳ ಸೊತ್ತಿನಂತಿತ್ತು. 1923ರಲ್ಲಿ ಕಲ್ಕತ್ತದ ಮೋಹನ್ ಬಗಾನ್ ಫೈನಲ್ ತನಕ ಹೋಗಿ ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಹದಿನಾಲ್ಕು ವರ್ಷಗಳ ಬಳಿಕ ಆ ಗೋಡೆ ಒಡೆದದ್ದು ಬೆಂಗಳೂರು ಮುಸ್ಲಿಮ್ಸ್. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು.

ಎದುರಾಳಿ ಯಾರೆಂದು ನೋಡಿದರೆ ಗೆಲುವಿನ ತೂಕ ತಿಳಿಯುತ್ತದೆ. ಫೈನಲ್‌ನಲ್ಲಿ ಬೆಂಗಳೂರು 1–0ರಿಂದ ಮಣಿಸಿದ್ದು ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗನ್ನು. 1934ರಲ್ಲಿ ಕಲ್ಕತ್ತ ಲೀಗ್ ಗೆದ್ದ ಮೊದಲ ಭಾರತೀಯ ತಂಡವೆನಿಸಿ, 1938ರವರೆಗೆ ಸತತ ಐದು ವರ್ಷ ಆ ಪಟ್ಟ ಉಳಿಸಿಕೊಂಡ, 1936ರಲ್ಲಿ ಐಎಫ್‌ಎ ಶೀಲ್ಡನ್ನೂ ಗೆದ್ದ ತಂಡ ಅದು. ಆ ಬಲ ಕಟ್ಟಲು ಅದು ಹೊರಗಿನಿಂದ ಆಟಗಾರರನ್ನು ಕರೆಸಿಕೊಂಡಿತ್ತು, ಬೆಂಗಳೂರಿನಿಂದಲೂ. ಹೀಗೆ ಕಲ್ಕತ್ತಕ್ಕೆ ಕಾಲಾಳು ಕೊಟ್ಟ ಊರೇ ಕಲ್ಕತ್ತವನ್ನು ಸೋಲಿಸಿತು. ಮೂವತ್ತರ ದಶಕದ ಬಂಗಾಳದಲ್ಲಿ ಮೊಹಮ್ಮಡನ್ ಗೆಲುವುಗಳಿಗೆ ಕೋಮು ರಾಜಕಾರಣದ ಅರ್ಥ ಅಂಟಿಕೊಂಡಿತ್ತು. ಈ ಫೈನಲ್ಲಿಗೆ ಆ ಅರ್ಥ ಹೊಂದುವುದಿಲ್ಲ. ಎರಡೂ ಕಡೆ ಮುಸ್ಲಿಂ ಹೆಸರಿನ ಕ್ಲಬ್ಬುಗಳೇ ಇದ್ದುದರಿಂದ ಪೈಪೋಟಿ ಊರು ಊರುಗಳ ನಡುವಿನದಾಗಿತ್ತು. ನನ್ನ ದೃಷ್ಟಿಯಲ್ಲಿ ಇದು ಬಹಳ ಮುಖ್ಯ.

ಅದು ಒಂದು ಋತುವಿನ ಅದೃಷ್ಟವಲ್ಲ. ಮರುವರ್ಷ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟನ್ನು ಸೋಲಿಸಿ ಬೆಂಗಳೂರು ಕಪ್ ಉಳಿಸಿಕೊಂಡಿತು. ಸೈನಿಕರ ಆಟ ನೋಡಿ ಕಲಿತ ಊರು ಸೈನಿಕರನ್ನೇ ಗೆದ್ದಿತು. 1948ರಲ್ಲಿ ಮೂರನೆಯ ಸಲ ಕಪ್ ಬಂತು.

ಅಷ್ಟರಲ್ಲಿ ಮೈಸೂರು ತಂಡ 1946ರ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನಲ್ಲಿ ಆಡಿ ಬೆಳೆದ ಅಹ್ಮದ್ ಖಾನ್ ಆ ತಂಡದಲ್ಲೂ 1952ರ ಒಲಿಂಪಿಕ್ ತಂಡದಲ್ಲೂ ಇದ್ದರು. ಮುಂದೆ ಪರಂಪರೆಯ ಒಂದು ಕವಲು ಕಾರ್ಖಾನೆಗಳಿಗೆ ಹರಿಯಿತು: ಬ್ರೂಕ್‌ಫೀಲ್ಡ್‌ನ ನೆರೆಯ ಎಚ್‌ಎಎಲ್ ತಂಡ 2010–11ರ ಐ-ಲೀಗ್‌ವರೆಗೂ ಹೋಯಿತು.

ಬಹುತೇಕ ಬರಿಗಾಲಲ್ಲೇ ಆಡಿದ ಮೋಹನ್ ಬಗಾನ್ 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದದ್ದು ದೇಶದ ಮಕ್ಕಳಿಗೆಲ್ಲ ಗೊತ್ತು. ಅದರ ಪಕ್ಕದಲ್ಲಿ 1937ಕ್ಕೂ ಸ್ಥಾನವಿದೆ. ನಮ್ಮ ಕ್ರೀಡಾ ಇತಿಹಾಸದ ಪಠ್ಯಗಳಲ್ಲಿ ಅದು ಸೇರಲಿ. ಹಲಸೂರು, ಶಿವಾಜಿನಗರ, ಮರ್ಫಿ ಟೌನಿನ ಮನೆಗಳಲ್ಲಿ ಆ ಕಾಲದ ತಂಡಗಳ ಫೋಟೊ, ಪದಕ, ಪತ್ರಿಕೆಯ ತುಣುಕು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಿಂಬದಿಯಲ್ಲಿ ಆಟಗಾರರ ಹೆಸರು, ವರ್ಷ ಬರೆದಿಡಿ.