ಕೀಲೆಣ್ಣೆಯಿಂದ ಅಂಡರ್‌ಕೋಟಿಂಗ್‌ವರೆಗೆ

ಕೊಡಗಿನ ಉತ್ತರದ ಅಂಚಿನ ಕೊಡ್ಲಿಪೇಟೆಯಲ್ಲಿ ಹಿಮ ಬೀಳುವುದಿಲ್ಲ, ರಸ್ತೆಗೆ ಉಪ್ಪು ಎರಚುವವರೂ ಇಲ್ಲ. ಆದರೂ ಇಲ್ಲಿನ ಲಾರಿ, ಜೀಪು, ಟ್ರ್ಯಾಕ್ಟರುಗಳ ತಳಕ್ಕೆ ತುಕ್ಕಿನ ಕಾಟ ತಪ್ಪಿದ್ದಲ್ಲ. ಕಬ್ಬಿಣ ತುಕ್ಕು ಹಿಡಿಯಲು ನೀರು, ಗಾಳಿ ಎರಡೇ ಸಾಕು. ಉಪ್ಪು ಸೇರಿದರೆ ಆ ಕೆಲಸ ಚುರುಕಾಗುತ್ತದೆ, ಅಷ್ಟೆ. ಜೂನ್‌ನಲ್ಲಿ ಚಾಸಿಗೆ ಮೆತ್ತಿದ ಕೆಸರು ಮಳೆ ಬಿಡುವ ತನಕ ಒಣಗುವುದೇ ಇಲ್ಲ.

ತುಕ್ಕಿನ ವಿರುದ್ಧದ ಈ ಹೋರಾಟ ಲಾರಿಗಿಂತ ಹಳೆಯದು. ಮೋಟಾರು ಬರುವ ಮುಂಚೆ ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿತ್ತು, ಕೊಡಗಿನ ಕಾಫಿ ಎತ್ತಿನಗಾಡಿಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಗಾಡಿಯ ಅಚ್ಚಿಗೆ ಬಳಿಯುತ್ತಿದ್ದುದು ಕೀಲೆಣ್ಣೆ: ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿಗೇ ತೂಗುಹಾಕುತ್ತಿದ್ದರು. ಗಾಲಿ ಸಲೀಸಾಗಿ ಉರುಳಲೆಂದು ಹಾಕಿದ ಎಣ್ಣೆ, ಅಚ್ಚಿನ ಕಬ್ಬಿಣಕ್ಕೆ ನೀರು ತಾಗದಂತೆಯೂ ಕಾಯುತ್ತಿತ್ತು. ಕತ್ತಿ, ಗುದ್ದಲಿ, ನೇಗಿಲ ಗುಳಕ್ಕೂ ಎಣ್ಣೆ ಸವರಿ ಬೆಚ್ಚಗಿನ ಜಾಗದಲ್ಲಿ ಎತ್ತಿಡುವುದು ಮಲೆನಾಡಿನ ರೂಢಿ.

ಮಳೆಗೆ ಬಗ್ಗದ ಕಬ್ಬಿಣವೂ ನಮ್ಮಲ್ಲಿದೆ. ಕೊಡಚಾದ್ರಿಯ ಮೂಲ ಮೂಕಾಂಬಿಕಾ ದೇಗುಲದ ಕಬ್ಬಿಣದ ಕಂಬ ಭಾರಿ ಮಳೆಗೂ ಕಡಲ ಗಾಳಿಗೂ ಒಡ್ಡಿಕೊಂಡು ನಿಂತಿದೆ. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಲಾರಿಯ ಉಕ್ಕಿಗೆ ಆ ಗುಣವಿಲ್ಲ. ಅದನ್ನು ಹೊರಗಿನಿಂದಲೇ ಕಾಪಾಡಬೇಕು.

ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿತು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್-ಬೆಂಜ್ ಲಾರಿಗಳು ಹೊರಬಂದವು. ಗಾಡಿಗಳ ಜೊತೆಗೆ ಹೊಸ ರೂಢಿಯೂ ಬೆಳೆಯಿತು: ಮುಂಗಾರಿಗೆ ಮುಂಚೆ ವಾಟರ್ ಸರ್ವೀಸ್ ಮಾಡಿಸಿ, ತಳಕ್ಕೆಲ್ಲ ಹಳೇ ಎಂಜಿನ್ ಆಯಿಲ್ ಸ್ಪ್ರೇ ಹೊಡೆಸುವುದು. ಕೀಲೆಣ್ಣೆಯ ಜಾಗಕ್ಕೆ ಸುಟ್ಟ ಆಯಿಲ್ ಬಂತು.

ಹಿಮದ ನಾಡುಗಳಲ್ಲಿ ವಾಹನದ ತಳಕ್ಕೆ ತುಕ್ಕು ತಡೆಯುವ ಲೇಪನ ಬಳಿಯುವ ಕೆಲಸ, ಅಂದರೆ ಅಂಡರ್‌ಕೋಟಿಂಗ್, ದೊಡ್ಡ ಉದ್ಯಮವಾಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ರಸ್ತೆಗಳಲ್ಲಿ ಮಂಜು ಕರಗಿಸಲು ಉಪ್ಪಿನ ಬಳಕೆ ಏರಿತು, ವಾಹನಗಳ ತಳ ತೂತು ಬೀಳತೊಡಗಿತು. ಜರ್ಮನಿಯಿಂದ ಹೋಗಿ ನೆಲೆಸಿದ್ದ ಮೆಕ್ಯಾನಿಕ್ ಕರ್ಟ್ ಝೀಬಾರ್ಟ್, 1959ರಲ್ಲಿ ಡೆಟ್ರಾಯಿಟ್‌ನಲ್ಲಿ ತುಕ್ಕು ತಡೆಯುವ ಕಂಪನಿ ಆರಂಭಿಸಿದರು.

ಅಲ್ಲಾಗಲಿ ಇಲ್ಲಾಗಲಿ, ತುಕ್ಕು ಮೊದಲು ಹಿಡಿಯುವುದು ಸಂದಿಗಳಲ್ಲಿ. ಚಾಸಿಗೆ ಪಾಟಾದ (ಲೀಫ್ ಸ್ಪ್ರಿಂಗ್) ಬ್ರಾಕೆಟ್ ಕೂರುವ ಕಡೆ ಎರಡು ಉಕ್ಕಿನ ತಗಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ನುಗ್ಗಿದ ನೀರು ಹೊರಬರುವುದಿಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ತಗಡುಗಳನ್ನೇ ದೂಡಿ ಅಗಲಿಸುತ್ತದೆ. ಸುತ್ತಿಗೆಯಿಂದ ಬಡಿದರೆ ಪದರ ಪದರವಾಗಿ ಉದುರುತ್ತದೆ. ಇಂಥ ತುಕ್ಕಿನ ಮೇಲೆಯೇ ರಬ್ಬರ್ ಕೋಟಿಂಗ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಕಣ್ಣಿಗೆ ಕಾಣದಂತೆ ಕಬ್ಬಿಣ ತಿನ್ನುತ್ತದೆ.

ಸುಟ್ಟ ಆಯಿಲ್ ರೂಢಿಯನ್ನಂತೂ ಕೈಬಿಡಬೇಕು. ಅದು ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತದೆ. ಮಳೆಗೆ ತೊಳೆದುಹೋಗಿ ಗದ್ದೆ, ತೋಡು ಸೇರುತ್ತದೆ. ಅಲ್ಲಿಂದ ಹೊಳೆಗೂ ಇಳಿಯುತ್ತದೆ; ಕೊಡಗು-ಹಾಸನದ ಗಡಿಯಲ್ಲಿ ಹರಿಯುವ ಹೇಮಾವತಿ ಕಾವೇರಿಗೆ ಸೇರುವ ನದಿ. ಅದರ ಬದಲು ಲಾರಿ ಮಾಲೀಕರು ಮೇ ತಿಂಗಳಲ್ಲೇ ತಳ ತೊಳೆಸಿ, ಒಣಗಿಸಿ, ತುಕ್ಕು ಕೆರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಚಾಸಿ ಪೇಂಟ್ ಹೊಡೆಸಲಿ. ನೀರು ಇಳಿಯುವ ತೂತುಗಳನ್ನು ಮುಚ್ಚದಿರಲಿ. ಮಳೆಗಾಲದಲ್ಲೂ ಆಗಾಗ ಕೆಸರು ತೆಗೆಸಲಿ.