ಹೊರಗೆ ಬರೋದು ಹೇಗೆ?

ಧಾರವಾಡದಿಂದ ಬಂದು ಅಹಮದಾಬಾದಿನ ವಟ್ವಾ ಜಿಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. 2003ರಲ್ಲಿ ಅಲ್ಲಿಗಾಗಿ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಪಾಳಿ ಮುಗಿದಾಗ ಅದು ಬ್ಯಾಚ್ ನಂಬರು ಹಾಕಿದ ತಾತ್ಕಾಲಿಕ ಫೈಲನ್ನು ವಿಐ ಎಡಿಟರಿನಲ್ಲಿ ತೆರೆದು ಕಾಯುತ್ತಿತ್ತು. ಆಪರೇಟರ್ ಷರಾ ಬರೆದು ಮುಚ್ಚಿದ ಮೇಲೆ ಅದನ್ನು ದಾಖಲೆಗೆ ಸೇರಿಸುತ್ತಿತ್ತು. ಮೊದಲ ರಾತ್ರಿಯೇ ಫೋನ್ ಬಂತು.

"ಸಾಹೇಬ್, ಬರೆದಿದ್ದಾಯ್ತು. ಹೊರಗೆ ಬರೋದು ಹೇಗೆ?"

ಎಸ್ಕೇಪ್, ಕೋಲನ್, ಡಬ್ಲ್ಯೂ ಎನ್ನುವಷ್ಟರಲ್ಲಿ ಆತ ಸ್ವಿಚ್ಚೇ ಆರಿಸಿದ್ದ. ಷರಾ ಹೋಯಿತು. ತಪ್ಪು ನನ್ನದು: ನನಗೆ ರೂಢಿಯಾದ ಎಡಿಟರನ್ನು ಎಲ್ಲರ ಕೈಗೂ ತುರುಕಿದ್ದೆ. ಹೀಗಾಗಬಾರದೆಂದೇ ಯುನಿಕ್ಸ್‌ನ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು.

1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದ 'ಇಡಿ' ಸಾಲುಸಾಲಾಗಿ ತಿದ್ದುವ ಎಡಿಟರ್. ಆಗ ಪರದೆಯಿಲ್ಲ; ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರದಂತೆ ಕಾಗದಕ್ಕೆ ಕುಟ್ಟುತ್ತಿತ್ತು. ಹಾಗಾಗಿ ಇಡಿ ಮಿತಭಾಷಿ, ತಪ್ಪಾದರೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. 1976ರಲ್ಲಿ ಬರ್ಕ್ಲಿಯ ಬಿಲ್ ಜಾಯ್ ಇಡೀ ಪರದೆ ಬಳಸುವ ವಿಐ ಬರೆದ. ಕೆಲವರ ಮುಂದೆ ಕಾಗದ, ಕೆಲವರ ಮುಂದೆ ಪರದೆ. ಯಾರಿಗೆ ಯಾವುದನ್ನು ತೆರೆಯುವುದು?

1978ರಲ್ಲಿ ಕರ್ಟ್ ಶೋನ್ಸ್ ಬರೆದ ಬರ್ಕ್ಲಿಯ 'ಮೇಲ್' ಪ್ರೋಗ್ರಾಮಿನಲ್ಲಿ ಅದಕ್ಕೆ ಉತ್ತರ ಕಾಣುತ್ತದೆ. ಪತ್ರ ಬರೆಯುವಾಗ ಟಿಲ್ಡೆ ಹಾಕಿ 'ಇ' ಒತ್ತಿದರೆ 'ಎಡಿಟರ್' ಎಂಬ ಹೆಸರಿನಲ್ಲಿ ನೀವು ಹೇಳಿಟ್ಟದ್ದು ತೆರೆಯುತ್ತದೆ, 'ವಿ' ಒತ್ತಿದರೆ 'ವಿಷುಯಲ್' ಎಂಬುದರಲ್ಲಿ ಹೇಳಿಟ್ಟದ್ದು. ಸಾಲಿನದು ಒಂದು, ಪರದೆಯದು ಇನ್ನೊಂದು. ಟೆಲಿಟೈಪ್ ಮೂಲೆ ಸೇರಿತು, ಹೆಸರುಗಳೆರಡೂ ಉಳಿದವು. 2005ರಲ್ಲಿ ಹುಟ್ಟಿದ, ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಕೂಡ ತನ್ನದೇ ಸೆಟ್ಟಿಂಗ್ ಇಲ್ಲದಿದ್ದರೆ ಮೊದಲು ವಿಷುಯಲ್, ಆಮೇಲೆ ಎಡಿಟರ್ ನೋಡುತ್ತದೆ. ಎರಡೂ ಖಾಲಿಯಿದ್ದರೆ ಸಾಮಾನ್ಯವಾಗಿ ವಿಐಗೆ ಮೊರೆಹೋಗುತ್ತದೆ.

ಮರುದಿನ ಸ್ಕ್ರಿಪ್ಟಿನಲ್ಲಿ 'ವಿಐ' ಅಳಿಸಿ 'ಎಡಿಟರ್' ಬರೆದೆ. ಆಪರೇಟರುಗಳ ಲಾಗಿನ್‌ಗೆ ನ್ಯಾನೋ ಎಂಬ ಸರಳ ಎಡಿಟರನ್ನು ಗೊತ್ತುಮಾಡಿದೆ. ಹೊರಗೆ ಬರುವ ದಾರಿಯನ್ನು ಅದು ಪರದೆಯ ಬುಡದಲ್ಲೇ ಬರೆದಿಟ್ಟಿರುತ್ತದೆ. ಆಮೇಲೆ ಫೋನ್ ಬರಲಿಲ್ಲ. ತಿಂಗಳು ಕಳೆದು ಪ್ಲಾಂಟಿಗೆ ಹೋದಾಗ ಕೀಲಿಮಣೆ ನೋಡಿದೆ: ಕಂಟ್ರೋಲ್ ಮೇಲೂ ಎಕ್ಸ್ ಮೇಲೂ ಕೆಂಪು ಬಣ್ಣದ ಬೆರಳಚ್ಚು.